ಸಿಇಟಿ ಗಣಿತ: ಅಂಕ ತಿನ್ನುವ ಸಣ್ಣ ಪದಗಳು

ಹಾನಗಲ್, ರೋಣ, ಶಿರಹಟ್ಟಿ ಕಡೆ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಗಣಿತ ಓದಿ, ಪಿಯು ಸೈನ್ಸಿಗೆ ಹುಬ್ಬಳ್ಳಿಗೋ ಧಾರವಾಡಕ್ಕೋ ಬರುವ ಹುಡುಗರು ಮೊದಲು ಕೊಳ್ಳುವುದು ಸೂತ್ರಗಳ ಪುಸ್ತಕ. ಸೂತ್ರ ಹೇಗೋ ಬಾಯಿಗೆ ಬರುತ್ತದೆ. ‘ಡಿಟರ್ಮಿನೆಂಟ್’, ‘ಎಕ್ಸೆಂಟ್ರಿಸಿಟಿ’ಯಂಥ ದೊಡ್ಡ ಪದಗಳನ್ನು ಸರ್ ಬೋರ್ಡಿನ ಮೇಲೆ ಬರೆದು ವಿವರಿಸುತ್ತಾರೆ. ‘ಆಟ್ ಲೀಸ್ಟ್’, ‘ನಾನ್-ನೆಗೆಟಿವ್’, ‘ರೆಸ್ಪೆಕ್ಟಿವ್ಲಿ’ (ಕ್ರಮವಾಗಿ) ಇವನ್ನು ಯಾರೂ ಕಲಿಸುವುದಿಲ್ಲ, ಬರುತ್ತವೆ ಅಂತಲೇ ಹಿಡಿದಿರುತ್ತಾರೆ. ಅಂಕ ಸೋರುವುದು ಅಲ್ಲೇ.

ಸಿಇಟಿ ಗಣಿತದಲ್ಲಿ 60 ಪ್ರಶ್ನೆಗೆ 80 ನಿಮಿಷ. ಅಂದರೆ ಒಂದಕ್ಕೆ 1 ನಿಮಿಷ 20 ಸೆಕೆಂಡ್. ಪ್ರಶ್ನೆಯನ್ನೇ ಮೂರು ಸಲ ಓದುತ್ತ ಕೂತರೆ ಲೆಕ್ಕ ಮಾಡೋದು ಯಾವಾಗ?

ಮೂರು ನಾಣ್ಯ ಚಿಮ್ಮಿದ ಲೆಕ್ಕವನ್ನೇ ತೆಗೆದುಕೊಳ್ಳಿ. ಒಟ್ಟು 8 ಫಲಿತಾಂಶ. ಒಂದೂ ಹೆಡ್ ಬೀಳದಿರುವುದು 1, ಒಂದು ಬೀಳುವುದು 3, ಎರಡು ಬೀಳುವುದು 3, ಮೂರೂ ಬೀಳುವುದು 1. ‘ಎಕ್ಸಾಕ್ಟ್ಲಿ ಟು’ ಅಂದರೆ 3/8. ‘ಆಟ್ ಲೀಸ್ಟ್ ಟು’ ಅಂದರೆ ಎರಡು ಅಥವಾ ಹೆಚ್ಚು, 4/8, ಅಂದರೆ 1/2. ‘ಆಟ್ ಮೋಸ್ಟ್ ಟು’ ಅಂದರೆ ಎರಡು ಮೀರಬಾರದು, 7/8. ಲೆಕ್ಕದ ಸಾಮಗ್ರಿ ಒಂದೇ, ಉತ್ತರ ಮೂರು. ಪ್ರಶ್ನೆ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತು, ಹಾಗಾಗಿ ಮೂರನ್ನೂ ಆಯ್ಕೆಗಳಲ್ಲಿ ಇಟ್ಟಿರುತ್ತಾರೆ. ನಿಮ್ಮ ತಪ್ಪು ಉತ್ತರವೂ ಅಲ್ಲಿ ಕಾಣಿಸುವುದರಿಂದ ಅನುಮಾನವೇ ಬರುವುದಿಲ್ಲ. ‘ಲೀಸ್ಟ್’ ಕೇಳಿದ ಕೂಡಲೇ ‘ಕಡಿಮೆ’ ನೆನಪಾಗಿ ಕೈ ≤ ಬರೆಯುತ್ತದೆ, ಬರೆಯಬೇಕಾದದ್ದು ≥. ಓದುವಾಗಲೇ ಪದದ ನೆತ್ತಿಯ ಮೇಲೆ ಪೆನ್ಸಿಲ್‌ನಿಂದ ಚಿಹ್ನೆ ಹಾಕುವ ರೂಢಿ ಮಾಡಿಕೊಳ್ಳಿ. ‘ನಾಟ್ ಲೆಸ್ ದ್ಯಾನ್’ ಕೂಡ ≥, ‘ನಾಟ್ ಎಕ್ಸೀಡಿಂಗ್’ ಕೂಡ ≤. ಬರೀ ‘ಮೋರ್ ದ್ಯಾನ್’ ಅಥವಾ ‘ಲೆಸ್ ದ್ಯಾನ್’ ಇದ್ದರೆ ಮಾತ್ರ ಸಮ ಚಿಹ್ನೆ ಬಿಡಬೇಕು.

ಸಂಖ್ಯೆಗಳ ಹೆಸರುಗಳದು ಇನ್ನೊಂದು ತಕರಾರು. ಪೂರ್ಣಸಂಖ್ಯೆ, ಪೂರ್ಣಾಂಕ ಇವೆರಡು ಕನ್ನಡದಲ್ಲೇ ಗೊಂದಲ ಎಬ್ಬಿಸುತ್ತವೆ. ಪೂರ್ಣಸಂಖ್ಯೆ 0ಯಿಂದ ಶುರು, ಅದು ಹೋಲ್ ನಂಬರ್. ಪೂರ್ಣಾಂಕದಲ್ಲಿ ಋಣ ಸಂಖ್ಯೆಗಳೂ ಬಂದವು, ಅದು ಇಂಟಿಜರ್. −3ಕ್ಕಿಂತ ಹೆಚ್ಚು, 3ನ್ನು ಮೀರದ ಇಂಟಿಜರ್ ಎಷ್ಟು? −2ರಿಂದ 3ರವರೆಗೆ ಆರು. ನಾನ್-ನೆಗೆಟಿವ್ ಇಂಟಿಜರ್ ಕೇಳಿದರೆ 0 ಸೇರಿ ನಾಲ್ಕು. ಪಾಸಿಟಿವ್ ಕೇಳಿದರೆ ಮೂರೇ. ಸೊನ್ನೆ ಪಾಸಿಟಿವ್ವೂ ಅಲ್ಲ, ನೆಗೆಟಿವ್ವೂ ಅಲ್ಲ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ, ಎಣಿಸುವಾಗ ಮರೆಯುತ್ತಾರೆ. ಹಾಗೆಯೇ 1 ಪ್ರೈಮ್ (ಅವಿಭಾಜ್ಯ) ಅಲ್ಲ, 2 ಪ್ರೈಮ್. 8 ಮತ್ತು 15 ಎರಡೂ ಪ್ರೈಮ್ ಅಲ್ಲ, ಆದರೆ ಜೋಡಿಯಾಗಿ ಕೋ-ಪ್ರೈಮ್, 1 ಬಿಟ್ಟರೆ ಅವಕ್ಕೆ ಬೇರೆ ಸಾಮಾನ್ಯ ಅಪವರ್ತನ ಇಲ್ಲ.

ಅಪವರ್ತನ ಅಂದರೆ ಫ್ಯಾಕ್ಟರ್, ಅಪವರ್ತ್ಯ ಅಂದರೆ ಮಲ್ಟಿಪಲ್. ಮ.ಸಾ.ಅ. (ಎಚ್‌ಸಿಎಫ್), ಲ.ಸಾ.ಅ. (ಎಲ್‌ಸಿಎಂ) ಎರಡರ ಕೊನೆಗೂ ‘ಅ’ ಇದ್ದು ಯಾವುದು ಯಾವುದೆಂದು ತಿಳಿಯದಾದಾಗ ಉತ್ತರದ ಗಾತ್ರ ನೋಡಿ. ಎಚ್‌ಸಿಎಫ್ ಎಂದೂ ಕೊಟ್ಟ ಸಂಖ್ಯೆಗಳಲ್ಲಿ ಚಿಕ್ಕದನ್ನು ಮೀರದು, ಎಲ್‌ಸಿಎಂ ಎಂದೂ ದೊಡ್ಡದಕ್ಕಿಂತ ಕಡಿಮೆ ಆಗದು.

ವ್ಯವಕಲನದ ವಾಕ್ಯದಲ್ಲಿ ಪದಗಳ ಕ್ರಮವೇ ತಿರುಗುಮುರುಗು. ‘ಸೆವೆನ್ ಲೆಸ್ ದ್ಯಾನ್ ಟ್ವೈಸ್ ಎ ನಂಬರ್’ ಅಂದರೆ ಸಂಖ್ಯೆಯ ಎರಡರಷ್ಟರಲ್ಲಿ 7 ಕಳೆಯಬೇಕು. ಏಳು ಮೊದಲು ಕಂಡಿತೆಂದು ಏಳರಿಂದಲೇ ಕಳೆಯುವವರು ಬಹಳ. ಕನ್ನಡದಲ್ಲಿ ‘ಎರಡರಷ್ಟಕ್ಕಿಂತ 7 ಕಡಿಮೆ’ ಅಂತ ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡರೆ ಕ್ರಮ ತಾನೇ ಸರಿಹೋಗುತ್ತದೆ. ಇಲ್ಲಿ ಕನ್ನಡ ಬಲು ಉಪಕಾರಿ.

‘ಬೈ’ ಮತ್ತು ‘ಟು’ ಇವೆರಡರ ಮೇಲೂ ಕಣ್ಣಿರಲಿ. 250 ‘ಬೈ’ 20 ಹೆಚ್ಚಿತು ಅಂದರೆ 270, ‘ಬೈ’ ಶೇ. 20 ಅಂದರೆ 300, ‘ಟು’ 300 ಅಂದರೆ 300ಕ್ಕೆ ಬಂದು ನಿಂತಿತು. ಶೇಕಡಾವಾರು ಲೆಕ್ಕದಲ್ಲಿ ‘ಯಾವುದರ ಮೇಲೆ’ ಎಂದು ಕೇಳಿಕೊಳ್ಳದೆ ಮುಂದೆ ಹೋಗಬೇಡಿ. ಬ್ಯಾಡಗಿ ಮೆಣಸಿನಕಾಯಿ ಕ್ವಿಂಟಲ್‌ಗೆ 20,000 ರೂಪಾಯಿ ಅಂದುಕೊಳ್ಳಿ. ಶೇ. 10 ಏರಿ 22,000 ಆಯಿತು. ಮತ್ತೆ ಶೇ. 10 ಇಳಿದರೆ 19,800. ಎರಡನೇ ಹತ್ತು ಹಾಕಿದ್ದು 22,000ದ ಮೇಲೆ, ಅದಕ್ಕೇ 200 ರೂಪಾಯಿ ಖೋತಾ.

‘ಅಥವಾ’ ಅನ್ನೋದು ಗಣಿತದಲ್ಲಿ ಬೇರೆಯೇ. ಖಾನಾವಳಿಯಲ್ಲಿ ರೊಟ್ಟಿ ಅಥವಾ ಚಪಾತಿ ಅಂದರೆ ಒಂದೇ ಬರುತ್ತದೆ. ಗಣಿತದಲ್ಲಿ ಎರಡೂ ಬಂದರೂ ಲೆಕ್ಕಕ್ಕುಂಟು. 1ರಿಂದ 20ರೊಳಗೆ 2ರ ಅಥವಾ 3ರ ಅಪವರ್ತ್ಯ ಎಷ್ಟು? 2ರವು 10, 3ರವು 6. ಎರಡರಲ್ಲೂ ಬರುವ 6, 12, 18 ಎರಡು ಸಲ ಎಣಿಕೆಯಾಗಿವೆ, ಒಂದು ಸಲದ್ದು ಕಳೆದರೆ 13. ಪೂರ್ತಿ ಬಿಟ್ಟು 10 ಬರೆಯುವವರೂ ಇದ್ದಾರೆ, ಕಳೆಯದೇ 16 ಬರೆಯುವವರೂ ಇದ್ದಾರೆ.

ಒಂದೇ ಪದಕ್ಕೆ ಎರಡು ಕೆಲಸ ಇರುವಲ್ಲಿ ಅಧ್ಯಾಯ ನೋಡಬೇಕು. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ರೇಂಜ್ ಅಂದರೆ ಗರಿಷ್ಠದಲ್ಲಿ ಕನಿಷ್ಠ ಕಳೆದದ್ದು. ಫಂಕ್ಷನ್‌ನಲ್ಲಿ ಹೊರಬರುವ ಬೆಲೆಗಳ ಗಣ. ವರ್ಗ ಸಮೀಕರಣದ ರೂಟ್ 3 ಮತ್ತು −3 ಆಗಬಹುದು, ಆದರೆ √9 ಅಂದರೆ 3 ಮಾತ್ರ. ಈ ಕೊನೆಯದನ್ನು ಡಿಗ್ರಿ ಮುಗಿಸಿದವರೂ ಒಪ್ಪದೆ ವಾದ ಮಾಡುತ್ತಾರೆ, ಬಿಡಿ.

ಕಲಿಯುವ ಕ್ರಮ ಸರಳ. ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿ. ಇಂಗ್ಲಿಷ್ ಪದ, ಶಾಲೆಯಲ್ಲಿ ಕಲಿತ ಕನ್ನಡ ಪದ, ಚಿಹ್ನೆ, ಕೊನೆಗೆ ಸಣ್ಣ ಸಂಖ್ಯೆಯ ಒಂದು ಉದಾಹರಣೆ. ನಾಲ್ಕನೇ ಕಾಲಂ ಖಾಲಿ ಬಿಟ್ಟರೆ ಉಳಿದ ಮೂರೂ ಒಂದು ವಾರದೊಳಗೆ ಮರೆತುಹೋಗುತ್ತವೆ. ಪದಗಳನ್ನು ನಿಘಂಟಿನಿಂದ ಹೆಕ್ಕಬೇಡಿ. ಹಳೇ ಪ್ರಶ್ನೆಪತ್ರಿಕೆ ತೆಗೆದು ಲೆಕ್ಕ ಮಾಡದೆ ಬರೀ ಓದಿ, ತೊಡರಿದ ಪದಕ್ಕೆ ಗೆರೆ ಎಳೆಯಿರಿ. ದಿನಕ್ಕೆ ಐದಾರು ಸಾಕು. ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಬಸ್ಸಿನಲ್ಲಿ ಓಡಾಡುವವರು ಆ ಹೊತ್ತನ್ನು ಇದಕ್ಕೇ ಇಡಬಹುದು, ಒಂದು ಪೆನ್ಸಿಲ್ ಸಾಕು.

ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಪದ ಅರ್ಥವಾಗದಿದ್ದರೂ ಏನಾದರೂ ಗುರುತು ಹಾಕಿಯೇ ಎದ್ದುಬನ್ನಿ. ಜೆಇಇ ಮೇನ್‌ನಲ್ಲಿ ಸರಿಗೆ 4, ತಪ್ಪಿಗೆ 1 ಕಡಿತ, ಅಲ್ಲಿ ಈ ಧೈರ್ಯ ಬೇಡ. ಅದನ್ನು 2021ರಿಂದ ಕನ್ನಡದಲ್ಲೂ ಬರೆಯಬಹುದು. ಆದರೆ ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್‌ನಲ್ಲಿರುವ ಪ್ರಶ್ನೆಯೇ ಅಂತಿಮ ಅನ್ನುವುದು ನಿಯಮ. ಕನ್ನಡ ಆರಿಸಿಕೊಂಡವರೂ ಪ್ರಶ್ನೆಯನ್ನು ಕನ್ನಡದಲ್ಲಿ ಓದಿ, ‘ಆಟ್ ಲೀಸ್ಟ್’ನಂಥ ಜಾಗ ಬಂದಾಗ ಇಂಗ್ಲಿಷ್ ಸಾಲಿನ ಮೇಲೂ ಒಮ್ಮೆ ಕಣ್ಣು ಹಾಯಿಸಿ ಉತ್ತರ ಒತ್ತಬೇಕು.