ಒದ್ದೆ ಉಳಿದ ಒಳತುಪ್ಪಳ ಕಲಿಸಿದ್ದು

ನಾಯಿಗಳ ಸ್ನಾನ ಮತ್ತು ತುಪ್ಪಳದ ಆರೈಕೆಯನ್ನು ವೃತ್ತಿಯಾಗಿಸಿಕೊಂಡ ಮೊದಲ ವರ್ಷದಲ್ಲಿ, ನಾನು ಮೀಯಿಸಿ, ಬಾಚಿ, ಮಿರಮಿರನೆ ಮಿಂಚುವಂತೆ ಮಾಡಿ ಕಳುಹಿಸಿದ್ದ ಗೋಲ್ಡನ್ ರಿಟ್ರೀವರ್ ಒಂದು ಮೂರನೆಯ ದಿನವೇ ಮರಳಿ ಬಂದಿತು. ಅದನ್ನು ಕರೆತಂದ ಹಿರಿಯರು ಏನೂ ಹೇಳದೆ ಕಿವಿಯ ಕೆಳಗಿನ ಕೂದಲನ್ನು ಎತ್ತಿ ತೋರಿಸಿದರು. ಅಂಗೈಯಷ್ಟು ಜಾಗ ಕೆಂಪಾಗಿ, ರಸಿಕೆ ಒಸರುತ್ತಾ, ಸುತ್ತಲಿನ ಕೂದಲೆಲ್ಲ ಅಂಟಿಕೊಂಡಿತ್ತು. ಇದಕ್ಕೆ ಹಾಟ್ ಸ್ಪಾಟ್ ಎನ್ನುತ್ತಾರೆಂದೂ, ದಟ್ಟ ತುಪ್ಪಳದ ಬುಡದಲ್ಲಿ ತೇವ ಉಳಿದಾಗ ಚರ್ಮ ಕೆರಳಿ, ನಾಯಿ ಅದನ್ನು ಕೆರೆದು ನೆಕ್ಕಿ ಕೆಲವೇ ಗಂಟೆಗಳಲ್ಲಿ ಹುಣ್ಣಾಗಿಸಿಕೊಳ್ಳಬಲ್ಲದೆಂದೂ ಪಶುವೈದ್ಯರು ವಿವರಿಸಿದರು. ನಾನು ಅಂಗೈಯಿಂದ ಸವರಿ ನೋಡಿ ಒಣಗಿದೆ ಎಂದುಕೊಂಡದ್ದು ಮೇಲಿನ ಕೂದಲನ್ನು ಮಾತ್ರ. ಅದರಡಿಯ ಹತ್ತಿಯಂಥ ಒಳತುಪ್ಪಳ ಇನ್ನೂ ಒದ್ದೆಯಾಗಿಯೇ ಇತ್ತು.

ಹಿರಿಯರು ಕೋಪಿಸಿಕೊಳ್ಳಲಿಲ್ಲ. "ಇದಕ್ಕೆ ಎಷ್ಟು ದಿನಕ್ಕೊಮ್ಮೆ ಸ್ನಾನ ಮಾಡಿಸಬೇಕಿತ್ತಮ್ಮಾ? ನಾವೇ ಜಾಸ್ತಿ ಮಾಡಿಸಿಬಿಟ್ಟೆವೇನೋ" ಎಂದರು. ತಪ್ಪು ನನ್ನದಾಗಿತ್ತು, ಲೆಕ್ಕ ಅವರು ಹಾಕುತ್ತಿದ್ದರು. ಆ ಪ್ರಶ್ನೆಯನ್ನು ಅಂದಿನಿಂದ ಇಂದಿನವರೆಗೆ ಹೆಚ್ಚುಕಡಿಮೆ ಪ್ರತಿದಿನವೂ ಕೇಳಿಸಿಕೊಂಡಿದ್ದೇನೆ. ಅದಕ್ಕೆ ಉತ್ತರವಿದೆ, ಆದರೆ ಸ್ನಾನದ ಹಿಂದೆ ಮುಂದೆ ಏನು ಮಾಡುತ್ತೇವೆ ಎಂಬುದು ದಿನಗಳ ಅಂತರಕ್ಕಿಂತ ಹೆಚ್ಚು ಮುಖ್ಯವೆಂಬುದು ನನ್ನ ಅನುಭವ.

ನಾಯಿಯ ಚರ್ಮ ನಮ್ಮದರಂತಲ್ಲ. ಅದರ ಹೊರಪದರದಲ್ಲಿ ಕೋಶಗಳ ಸಾಲುಗಳು ನಮ್ಮದಕ್ಕಿಂತ ಬಹಳ ಕಡಿಮೆ; ತುಪ್ಪಳವೇ ರಕ್ಷಣೆ ಕೊಡುವುದರಿಂದ ಚರ್ಮ ತೆಳುವಾಗಿದ್ದರೂ ಸಾಗುತ್ತದೆ. ನಮ್ಮಂತೆ ಮೈಯೆಲ್ಲ ಬೆವರಿ ತಂಪು ಮಾಡಿಕೊಳ್ಳುವ ವ್ಯವಸ್ಥೆಯೂ ಅದಕ್ಕಿಲ್ಲ. ಅಂಥ ಬೆವರು ಬರುವುದು ಪಾದದ ಮೆತ್ತೆಗಳಲ್ಲಿ. ಹಾಗಾಗಿ ನಾವು ದಿನವೂ ತೊಳೆದುಕೊಳ್ಳುವ ಬೆವರಿನ ಕಾರಣ ನಾಯಿಗೆ ಅನ್ವಯಿಸುವುದಿಲ್ಲ. ಕೂದಲಿನ ಬುಡದ ಗ್ರಂಥಿಗಳಿಂದ ಬರುವ ಜಿಡ್ಡು ಚರ್ಮವನ್ನು ಮೃದುವಾಗಿಡುತ್ತದೆ, ಕೂದಲಿಗೆ ಹೊಳಪು ಕೊಡುತ್ತದೆ, ನೀರನ್ನೂ ಸ್ವಲ್ಪಮಟ್ಟಿಗೆ ತಡೆಯುತ್ತದೆ. ಕಟುವಾದ ಸಾಬೂನಿನಿಂದ ಪದೇ ಪದೇ ತಿಕ್ಕಿದಾಗ ಮೊದಲು ಹೋಗುವುದು ಆ ಜಿಡ್ಡು; ಆಮೇಲೆ ಹೊಟ್ಟು, ತುರಿಕೆ, ಮಂಕಾದ ಕೂದಲು ಒಂದರ ಹಿಂದೊಂದು ಬರುತ್ತವೆ. ಮನೆಯವರ ಶಾಂಪೂವನ್ನೇ ನಾಯಿಗೂ ಹಚ್ಚುವ ಅಭ್ಯಾಸವನ್ನು ನಾನು ಮೊದಲ ಭೇಟಿಯಲ್ಲೇ ಬಿಡಿಸುತ್ತೇನೆ. ನಮ್ಮ ಚರ್ಮದ ಪಿಎಚ್ ಸುಮಾರು 5.5ರ ಆಸುಪಾಸಿನಲ್ಲಿದ್ದು ಆಮ್ಲೀಯವಾಗಿದೆ. ನಾಯಿಯ ಚರ್ಮ ತಳಿಗೂ ದೇಹದ ಭಾಗಕ್ಕೂ ತಕ್ಕಂತೆ ಬದಲಾದರೂ ಸಾಮಾನ್ಯವಾಗಿ ತಟಸ್ಥಕ್ಕೆ, ಅಂದರೆ 7ಕ್ಕೆ ಹತ್ತಿರವಿರುತ್ತದೆ.

ಈಗ ಅಂತರದ ಮಾತು. ಆರೋಗ್ಯವಾಗಿರುವ, ಗಿಡ್ಡ ಕೂದಲಿನ ನಾಯಿಗೆ ತಿಂಗಳಿಗೊಮ್ಮೆಯಿಂದ ಮೂರು ತಿಂಗಳಿಗೊಮ್ಮೆ ಸ್ನಾನವಾದರೆ ಸಾಕು. ಹಸ್ಕಿ, ಸಮೊಯೆಡ್‌ಗಳಂತೆ ಎರಡು ಪದರದ ತುಪ್ಪಳವಿರುವವು ನಿಯಮಿತವಾಗಿ ಬಾಚಿಸಿಕೊಂಡರೆ ಇನ್ನೂ ತಡವಾಗಿ ಮಿಂದರೂ ಅಡ್ಡಿಯಿಲ್ಲ. ಪೂಡಲ್‌ನಂತೆ ಕೂದಲು ಬೆಳೆಯುತ್ತಲೇ ಹೋಗುವ ನಾಯಿಗಳಿಗೆ ಹೇಗಿದ್ದರೂ ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿ ತಾಗಬೇಕಾಗುತ್ತದೆ, ಸ್ನಾನವೂ ಅದರ ಜೊತೆಗೇ ಆಗಿಬಿಡುತ್ತದೆ. ಬ್ಯಾಸೆಟ್ ಹೌಂಡ್‌ನಂಥ ಜಿಡ್ಡು ಹೆಚ್ಚಿನ ಮೈಗೆ ಇನ್ನೂ ಬೇಗ ಬೇಕಾಗುತ್ತದೆ. ಕೂದಲೇ ಇಲ್ಲದ ತಳಿಗಳಿಗೆ ಸ್ನಾನ ಬೇಡವೆಂದು ಹಲವರು ಊಹಿಸುತ್ತಾರೆ. ವಾಸ್ತವದಲ್ಲಿ ಜಿಡ್ಡನ್ನು ಹೀರಿಕೊಳ್ಳಲು ಕೂದಲಿಲ್ಲದ ಕಾರಣ ಅವನ್ನೇ ಹೆಚ್ಚು ಬಾರಿ ಮೀಯಿಸಬೇಕು. ಅಲರ್ಜಿ ಅಥವಾ ಚರ್ಮರೋಗವಿರುವ ನಾಯಿಗೆ ಈ ಯಾವ ಲೆಕ್ಕವೂ ಸಲ್ಲದು. ಪಶುವೈದ್ಯರು ವಾರಕ್ಕೊಮ್ಮೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ ಔಷಧಿ ಶಾಂಪೂ ಬರೆದುಕೊಡುತ್ತಾರೆ, ಮತ್ತು ಅಂಥ ಶಾಂಪೂ ಸಾಮಾನ್ಯವಾಗಿ ಸುಮಾರು ಹತ್ತು ನಿಮಿಷ ಮೈಮೇಲೆ ನಿಂತರೆ ಮಾತ್ರ ಕೆಲಸ ಮಾಡುತ್ತದೆ. ಹಚ್ಚಿ ತಕ್ಷಣ ತೊಳೆದು "ಔಷಧಿ ನಾಟಲಿಲ್ಲ" ಎಂದು ಬಂದವರನ್ನು ನಾನು ಬಹಳ ಮಂದಿ ನೋಡಿದ್ದೇನೆ.

"ವಾಸನೆ ಬರುತ್ತಿದೆ, ಸ್ನಾನ ಮಾಡಿಸಿ" ಎಂಬ ಕೋರಿಕೆ ಬಂದಾಗ ನಾನು ನಲ್ಲಿ ತಿರುಗಿಸುವ ಮುನ್ನ ಮೂಗನ್ನು ಬಳಸುತ್ತೇನೆ. ವಾಸನೆ ಬಾಯಿಯಿಂದ ಬಂದರೆ ಹಲ್ಲಿನ ತೊಂದರೆ, ಹುಳಿ ಹಿಟ್ಟಿನಂತೆ ಕಿವಿಯಿಂದ ಬಂದರೆ ಯೀಸ್ಟ್ ಸೋಂಕು, ಕೊಳೆತ ಮೀನಿನಂತೆ ಹಿಂಭಾಗದಿಂದ ಬಂದರೆ ಗುದಗ್ರಂಥಿ ತುಂಬಿರುವುದು, ಹೀಗೆ ಒಂದೊಂದಕ್ಕೂ ಒಂದೊಂದು ಶಂಕೆ. ಒಂದು ಸ್ಪ್ಯಾನಿಯಲ್ ಅನ್ನು ಆರು ವಾರಗಳಲ್ಲಿ ನಾಲ್ಕು ಬಾರಿ ಮೀಯಿಸಿದ ಮೇಲೆ ನನಗೆ ಈ ಬುದ್ಧಿ ಬಂತು: ಅದರ ಮೈ ಪ್ರತಿ ಬಾರಿಯೂ ಸ್ವಚ್ಛವಾಗುತ್ತಿತ್ತು, ನೋಯುತ್ತಿದ್ದ ಕಿವಿಗೆ ಮಾತ್ರ ಪ್ರತಿ ಬಾರಿಯೂ ಇನ್ನಷ್ಟು ನೀರು ಸೇರುತ್ತಿತ್ತು. ಈಗ ತಲೆಯ ಮೇಲೆ ನೀರು ಸುರಿಯುವುದನ್ನೇ ಬಿಟ್ಟಿದ್ದೇನೆ. ಮುಖಕ್ಕೆ ಒದ್ದೆ ಬಟ್ಟೆ ಸಾಕು.

ಬಾಚುವ ಕೆಲಸ ಸ್ನಾನಕ್ಕಿಂತ ಮೊದಲೇ ಮುಗಿಯಬೇಕು. ಸಿಕ್ಕುಗಟ್ಟಿದ ಕೂದಲು ನೆನೆದು ಒಣಗಿದಾಗ ಉಣ್ಣೆಯ ಬಟ್ಟೆ ಕುಗ್ಗಿದಂತೆ ಬಿಗಿದು ಚರ್ಮವನ್ನು ಹಿಡಿದೆಳೆಯುತ್ತದೆ, ಗಂಟಿನೊಳಗೆ ಸೇರಿದ ಶಾಂಪೂ ಹೊರಬರುವುದಿಲ್ಲ, ತೇವವೂ ಆರುವುದಿಲ್ಲ. ಕಿವಿಯ ಹಿಂದೆ, ಕಂಕುಳಲ್ಲಿ, ಕತ್ತುಪಟ್ಟಿಯ ಕೆಳಗೆ, ಬಾಲದ ಬುಡದಲ್ಲಿ ಗಂಟುಗಳು ಮೊದಲು ಹುಟ್ಟುತ್ತವೆ. ಮೇಲ್ಮೈಯನ್ನು ಸಣ್ಣ ತಂತಿಹಲ್ಲುಗಳ ಸ್ಲಿಕರ್ ಬ್ರಷ್‌ನಿಂದ ಸವರಿದರೆ ಸಾಲದು. ಬೈತಲೆ ತೆಗೆದಂತೆ ಕೂದಲನ್ನು ಸಾಲುಸಾಲಾಗಿ ಬಿಡಿಸಿ, ಚರ್ಮ ಕಾಣುವಂತೆ ಬುಡದಿಂದ ಬಾಚಬೇಕು. ಚಿಗಟದ ಹಿಕ್ಕೆ, ಅಡಗಿದ ಉಣ್ಣಿ, ಚಿಕ್ಕ ಗಂಟುಗಳು ಕಣ್ಣಿಗೆ ಬೀಳುವುದೂ ಆಗಲೇ. ವಾರದಲ್ಲಿ ಎರಡು ಮೂರು ದಿನ ಮನೆಯಲ್ಲೇ ಹೀಗೆ ಬಾಚುವವರ ನಾಯಿಗಳು ನನ್ನಲ್ಲಿಗೆ ಅಪರೂಪಕ್ಕೆ ಬರುತ್ತವೆ. ನನ್ನ ಗಲ್ಲಾಪೆಟ್ಟಿಗೆಗೆ ನಷ್ಟವಾದರೂ ಹೇಳಬೇಕಾದ ಮಾತಿದು. ಮೈಗೆ ಕೆಸರು ಮೆತ್ತಿದ್ದರೆ ಒಣಗಲು ಬಿಟ್ಟು ಬಾಚಿದರೂ ಬಹುಪಾಲು ಉದುರಿಹೋಗುತ್ತದೆ. ಸೆಖೆಯೆಂದು ಎರಡು ಪದರದ ತುಪ್ಪಳವನ್ನು ಬೋಳಿಸುವ ಕೋರಿಕೆಯನ್ನು ಮಾತ್ರ ನಾನು ಒಪ್ಪುವುದಿಲ್ಲ: ಬಿಸಿಲಿನಿಂದ ಕಾಯುವ ಪದರವನ್ನೇ ತೆಗೆದಂತಾಗುತ್ತದೆ, ಕೆಲವು ನಾಯಿಗಳಲ್ಲಿ ಕೂದಲು ತಿಂಗಳುಗಟ್ಟಲೆ ಸರಿಯಾಗಿ ಮರಳುವುದಿಲ್ಲ.

ನಾಯಿಯ ದೇಹದ ಉಷ್ಣಾಂಶ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್; ನೀರು ಅದಕ್ಕಿಂತ ತುಸು ಕಡಿಮೆ, ನಮ್ಮ ಮುಂಗೈಗೆ ಉಗುರುಬೆಚ್ಚಗೆನಿಸುವಷ್ಟಿದ್ದರೆ ಸರಿ. ಶಾಂಪೂವನ್ನು ನೀರಿನಲ್ಲಿ ಬೆರೆಸಿ ಹಚ್ಚಿದರೆ ಸಮನಾಗಿ ಹರಡುತ್ತದೆ, ಆದರೆ ಬೆರೆಸಿದ್ದನ್ನು ಅಂದೇ ಚೆಲ್ಲಬೇಕು. ನೀರು ಸೇರಿದ ಶಾಂಪೂ ಬಾಟಲಿಯಲ್ಲಿ ದಿನಗಟ್ಟಲೆ ಉಳಿದರೆ ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾ ಬೆಳೆದು, ಸ್ನಾನವಾದ ಒಂದೆರಡು ದಿನಗಳಲ್ಲೇ ಬೆನ್ನಿನ ಮೇಲೆ ತೀವ್ರ ನೋವಿನ ಸೋಂಕು ತರಬಲ್ಲವು. ಕೂದಲಿನ ಹರಿವಿಗೆ ವಿರುದ್ಧವಾಗಿ ಗಟ್ಟಿಯಾಗಿ ತಿಕ್ಕುವುದೂ ಇದಕ್ಕೆ ದಾರಿ ಮಾಡಿಕೊಡುತ್ತದೆ. ತೊಳೆಯುವಾಗ ನೊರೆ ನಿಂತಿತೆಂದು ನಿಲ್ಲಿಸದೆ, ಹರಿದು ಬೀಳುವ ನೀರು ತಿಳಿಯಾದ ಮೇಲೂ ಹೊಟ್ಟೆ ಮತ್ತು ಕಂಕುಳಿಗೆ ಇನ್ನೊಂದು ಸುತ್ತು ನೀರು ಬಿಡುತ್ತೇನೆ. ಚಿಗಟ ಮತ್ತು ಉಣ್ಣಿಗೆಂದು ಕತ್ತಿನ ಹಿಂದೆ ಹನಿಸುವ ಔಷಧಿಯನ್ನು ಹಾಕಿದ್ದರೆ, ಅಥವಾ ಹಾಕುವವರಿದ್ದರೆ, ಹಿಂದೆ ಮುಂದೆ ಎರಡು ದಿನವಾದರೂ ಸ್ನಾನವನ್ನು ಮುಂದೂಡಿ, ಔಷಧಿಯ ಪೊಟ್ಟಣದ ಸೂಚನೆಯನ್ನು ಓದಿಕೊಳ್ಳುವಂತೆ ಹೇಳುತ್ತೇನೆ.

ಒಣಗಿಸುವ ಹಂತಕ್ಕೆ ಬಂದಾಗ ಈಗಲೂ ನನಗೆ ಆ ರಿಟ್ರೀವರ್ ನೆನಪಾಗುತ್ತದೆ. ಮೊದಲು ಟವೆಲ್ಲನ್ನು ಒತ್ತಿ ನೀರು ಹೀರಿಸುತ್ತೇನೆ, ಉಜ್ಜುವುದಿಲ್ಲ. ಆಮೇಲೆ ಬಿಸಿಗಿಂತ ಗಾಳಿಯ ರಭಸವನ್ನೇ ನೆಚ್ಚಿ ಡ್ರೈಯರ್ ಹಿಡಿಯುತ್ತೇನೆ. ಪಗ್‌ನಂಥ ಮೊಂಡುಮೂಗಿನ ನಾಯಿಗಳು ಏದುಸಿರಿನ ಮೂಲಕ ಮೈ ತಂಪು ಮಾಡಿಕೊಳ್ಳಲು ಮೊದಲೇ ಕಷ್ಟಪಡುವುದರಿಂದ, ಬಿಸಿಗಾಳಿ ಅವಕ್ಕೆ ಪ್ರಾಣಾಪಾಯವನ್ನೇ ತರಬಹುದು. ದಟ್ಟ ತುಪ್ಪಳದ ನಾಯಿಯೊಂದಕ್ಕೆ ಸ್ನಾನ ಇಪ್ಪತ್ತು ನಿಮಿಷದಲ್ಲಿ ಮುಗಿದರೆ ಒಣಗಿಸಲು ಒಂದು ಗಂಟೆ ಮೀರುತ್ತದೆ. ಕೊನೆಯಲ್ಲಿ ಕಿವಿಯ ಕೆಳಗಿನ ಕೂದಲನ್ನು ಬಿಡಿಸಿ, ಬೆರಳುಗಳ ಹಿಂಬದಿಯನ್ನು ನೇರವಾಗಿ ಚರ್ಮಕ್ಕೆ ತಾಗಿಸುತ್ತೇನೆ. ಅಲ್ಲಿ ಒಂದಿಷ್ಟು ತಣ್ಣಗೆ ತಾಗಿದರೂ, ಹೊರಗೆ ಕುಳಿತವರು ಎರಡನೆಯ ಬಾರಿ ಗಡಿಯಾರ ನೋಡುತ್ತಿದ್ದರೂ, ಡ್ರೈಯರ್ ಮತ್ತೆ ಶುರುವಾಗುತ್ತದೆ.