ತಂಬಿಗೆಯ ಸದ್ದು

2025ರ ಫೆಬ್ರವರಿಯ ಒಂದು ಬೆಳಿಗ್ಗೆ ಆರೂ ಮುಕ್ಕಾಲಿಗೆ ನಾನೂ ನಮ್ಮ ಮನೆಯವರೂ ಊಟಿಯ ಗಾಲ್ಫ್ ಅಂಗಳದ ಅಂಚಿಗೆ ಬಂದು ನಿಂತಾಗ, ಇಪ್ಪತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹಸಿರು ಎಲ್ಲಿಯೂ ಕಾಣಲಿಲ್ಲ. ತಗ್ಗಿನ ಹುಲ್ಲೆಲ್ಲ, ರಾತ್ರಿ ಯಾರೋ ಜೋಳದ ಹಿಟ್ಟನ್ನು ಜರಡಿ ಹಿಡಿದು ಹೋದಂತೆ, ಬೆಳ್ಳಗಾಗಿತ್ತು. ಮೇ ತಿಂಗಳಲ್ಲಿ 43 ಡಿಗ್ರಿ ಕಾಯುವ ಕಲಬುರಗಿಯಲ್ಲಿ ಹುಟ್ಟಿ ಬೆಳೆದ ನನಗೆ ಇಬ್ಬನಿ ಹೆಪ್ಪುಗಟ್ಟುತ್ತದೆ ಎಂಬುದು ಓದಿ ತಿಳಿದ ಸಂಗತಿಯಾಗಿತ್ತೇ ಹೊರತು ಕಂಡದ್ದಲ್ಲ. ಬಗ್ಗಿ ಮುಟ್ಟಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ. ಹಿಂದಿನಿಂದ ನಮ್ಮ ಕ್ಯಾಡಿ, ಆಟಗಾರರ ಚೀಲ ಹೊತ್ತು ಜೊತೆಗೆ ನಡೆಯುವ, ಅರವತ್ತು ದಾಟಿದ ಹಿರಿಯರು, ಬೇಡವೆಂದು ಕೈ ಅಡ್ಡ ಹಿಡಿದರು.

ಕಾರಣವನ್ನು ಅವರು ಸಾವಕಾಶವಾಗಿ ವಿವರಿಸಿದರು. ಇಂಥ ಚಳಿಯಲ್ಲಿ ಹುಲ್ಲಿನ ಎಸಳಿನ ಒಳಗಿನ ನೀರೂ ಗಟ್ಟಿಯಾಗಿರುತ್ತದೆ. ಆಗ ತುಳಿದರೆ ಎಸಳು ಒಳಗಿನಿಂದಲೇ ಒಡೆಯುತ್ತದೆ. ಆ ಹೊತ್ತಿಗೆ ಏನೂ ಆದಂತೆ ಕಾಣುವುದಿಲ್ಲ, ಆದರೆ ಒಂದೆರಡು ದಿನಗಳಲ್ಲಿ ನಡೆದವರ ಹೆಜ್ಜೆಗಳು ಕಂದು ಗುರುತುಗಳಾಗಿ ಮೇಲೇಳುತ್ತವೆ. ಆದ್ದರಿಂದ ಬಿಸಿಲು ಏರಿ ಬಿಳುಪು ಕರಗುವವರೆಗೆ ಯಾರೂ ಅಂಗಳಕ್ಕೆ ಇಳಿಯುವಂತಿಲ್ಲ. ಕಡಿಮೆಯೆಂದರೂ ಒಂದೂವರೆ ಗಂಟೆ ಬೇಕು ಎಂದರು. ಮನೆಯವರು ನನ್ನ ಮುಖ ನೋಡಿ, ಗಾಲ್ಫ್ ಚೀಲವನ್ನು ಬೆಂಚಿಗೆ ಒರಗಿಸಿ ಕುಳಿತರು. ಇಷ್ಟು ವರ್ಷ ಕಾದವರಿಗೆ ಅದು ದೊಡ್ಡ ಹೊತ್ತೇನೂ ಆಗಿರಲಿಲ್ಲ.

ಆ ಚೀಲದ ಕಥೆ ಕೋಲ್ಕತ್ತದಲ್ಲಿ ಆರಂಭವಾಗುತ್ತದೆ. ನಮ್ಮ ಮದುವೆಯಾದ ಎರಡು ವರ್ಷಕ್ಕೆ, 1998ರಲ್ಲಿ, ಬ್ಯಾಂಕು ಅವರನ್ನು ಅಲ್ಲಿಗೆ ವರ್ಗ ಮಾಡಿತ್ತು. ಅಲ್ಲಿ 1829ರಲ್ಲಿ ಆರಂಭವಾದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ಇದೆ. ಬ್ರಿಟನ್ ದ್ವೀಪಗಳ ಹೊರಗೆ ಅದಕ್ಕಿಂತ ಹಳೆಯ ಗಾಲ್ಫ್ ಕ್ಲಬ್ ಇಲ್ಲ. ಹಿರಿಯ ಅಧಿಕಾರಿಯೊಬ್ಬರು ಒಂದು ಭಾನುವಾರ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದರು. ಅಂದು ಹಿಡಿದ ಹುಚ್ಚು ಬಿಡಲಿಲ್ಲ. 2004ರಲ್ಲಿ ನಾವು ಕಲಬುರಗಿಗೆ, ಅಂದಿನ ಗುಲ್ಬರ್ಗಕ್ಕೆ, ಮರಳುವಾಗ ಸಾಮಾನಿನ ಲಾರಿಯಲ್ಲಿ ಬೇರೆ ಯಾರೋ ಬಳಸಿ ಮಾರಿದ ಒಂಬತ್ತು ಕ್ಲಬ್ಬುಗಳ, ಅಂದರೆ ಚೆಂಡು ಹೊಡೆಯುವ ಕೋಲುಗಳ, ಈ ಚೀಲವೂ ಬಂತು. ಆಟದ ನಿಯಮ ಒಬ್ಬ ಆಟಗಾರನಿಗೆ ಹದಿನಾಲ್ಕು ಕ್ಲಬ್ಬುಗಳವರೆಗೆ ಅವಕಾಶ ಕೊಡುತ್ತದೆ. ನಮ್ಮ ಬಳಿ ಇಂದಿಗೂ ಒಂಬತ್ತೇ ಇವೆ.

ಊರಿಗೆ ಬಂದ ಮೇಲೆ ಆಡುವುದೆಲ್ಲಿ? ಭೀಮಾ ನದಿಯ ಕಟ್ಟಿಸಂಗಾವಿ ಸೇತುವೆ ದಾಟಿದರೆ ಸಿಗುವ ಜೇವರ್ಗಿ ಸೀಮೆಯಲ್ಲಿ ನಮಗೆ ನಾಲ್ಕು ಎಕರೆ ಎರೆ ಹೊಲವಿದೆ, ಅಗಲ ಕಡಿಮೆಯಾದ ಉದ್ದನೆಯ ಪಟ್ಟಿ. ಜನವರಿಯಲ್ಲಿ ತೊಗರಿಯ ರಾಶಿ ಮುಗಿದು ಹೊಲ ಖಾಲಿಯಾದರೆ ಮುಂಗಾರಿನ ತನಕ ಅದೇ ನಮ್ಮ ಅಂಗಳ. ಕೂಳೆ ಕಿತ್ತು ಒಂದು ಮೂಲೆಯನ್ನು ಸಮ ಮಾಡಿ, ಸಗಣಿ ಹಾಕಿ ಸಾರಿಸಿ, ನಡುವೆ ಒಂದು ಹಿತ್ತಾಳೆ ತಂಬಿಗೆಯನ್ನು ಬಾಯಿಯವರೆಗೆ ಹುಗಿದೆವು. ಗಾಲ್ಫ್ ಕುಳಿಯ ಅಗಲ ನಾಲ್ಕೂ ಕಾಲು ಇಂಚು. ಅತ್ತೆಯವರ ಆ ಹಳೆಯ ತಂಬಿಗೆಯ ಬಾಯಿ ಅದಕ್ಕಿಂತ ತುಸು ಚಿಕ್ಕದು. ಚೆಂಡು ಅದರೊಳಗೆ ಬಿದ್ದಾಗ ಠಣ್ ಎಂದು ಏಳುವ ಸದ್ದು ಬದುವಿನ ಬೇವಿನ ಮರದವರೆಗೂ ಕೇಳುತ್ತಿತ್ತು. ಅತ್ತೆಯವರು ಆ ಮರದ ನೆರಳಿನಲ್ಲಿ ಕುಳಿತು, ಸದ್ದಾದಾಗಲೆಲ್ಲ ಎಣಿಸುತ್ತಿದ್ದರು.

ಎರೆ ಮಣ್ಣಿನ ಗುಣವನ್ನು ಬಲ್ಲವರಿಗೆ ಅಲ್ಲಿ ಗಾಲ್ಫ್ ಆಡುವ ಕಷ್ಟ ತಾನಾಗಿಯೇ ತಿಳಿದೀತು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ ಆ ಜೇಡಿ ಬೇಸಿಗೆ ಬರುತ್ತಲೇ ಒಣಗಿ ಕುಗ್ಗುತ್ತದೆ, ಕುಗ್ಗಿದಂತೆ ನೆಲ ಬಾಯಿ ಬಿಡುತ್ತದೆ. ಏಪ್ರಿಲ್ ಹೊತ್ತಿಗೆ ಕೆಲವು ಬಿರುಕುಗಳಲ್ಲಿ ನನ್ನ ಕೈ ಮೊಣಕೈವರೆಗೆ ಇಳಿಯುತ್ತಿತ್ತು. ಚೆಂಡಿನ ಅಡ್ಡಗಲ 43 ಮಿಲಿಮೀಟರಿಗೂ ತುಸು ಕಡಿಮೆ. ಒಂದು ಒಳ್ಳೆಯ ಹೊಡೆತ ನೂರು ಮೀಟರ್ ಹಾರಿ, ನೆಲಕ್ಕೆ ಬಿದ್ದು, ಒಂದು ಪುಟ ನೆಗೆದು, ನಮ್ಮ ಕಣ್ಣೆದುರಿಗೇ ಭೂಮಿಯೊಳಗೆ ಹೋಗಿಬಿಡುತ್ತಿತ್ತು. ಕಳೆದ ಚೆಂಡನ್ನು ಹುಡುಕಲು ಮೊದಲು ಐದು ನಿಮಿಷಗಳ ಅವಕಾಶವಿತ್ತು, 2019ರಿಂದ ನಿಯಮ ಅದನ್ನು ಮೂರು ನಿಮಿಷಕ್ಕೆ ಇಳಿಸಿತು. ಮನೆಯವರು ಆ ವರ್ಷದಿಂದ ಹೊಲದಲ್ಲಿಯೂ ಗಡಿಯಾರ ಹಿಡಿದು ಮೂರೇ ನಿಮಿಷ ಹುಡುಕುತ್ತಿದ್ದರು. ಒಮ್ಮೆ ಜೂನ್ ತಿಂಗಳಲ್ಲಿ, ಹರಗುವಾಗ ಮೇಲೆ ಬಂದ ಹಳದಿಗಟ್ಟಿದ ಚೆಂಡೊಂದನ್ನು ನಮ್ಮ ಹೊಲ ನೋಡಿಕೊಳ್ಳುವವರು ಮನೆಗೆ ತಂದುಕೊಟ್ಟು, "ಇದು ನಾಟಲಿಲ್ಲ ನೋಡ್ರಿ ಅಕ್ಕೋರ" ಎಂದರು. ಆ ಚೆಂಡು ಇಂದಿಗೂ ನಮ್ಮ ದೇವರ ಕೋಣೆಯ ಮಾಡದಲ್ಲಿದೆ.

ನಾನು ಮೊದಲು ನೋಡುವವಳಾಗಿದ್ದೆ, ಆಮೇಲೆ ಚೆಂಡು ಹುಡುಕುವವಳಾದೆ. ಆಟಗಾರ್ತಿಯಾದದ್ದು 2021ರ ಆಗಸ್ಟ್ 7ರ ನಂತರ. ಅಂದು ಟೋಕಿಯೋ ಒಲಿಂಪಿಕ್ಸಿನ ಕೊನೆಯ ಸುತ್ತಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಆಡುತ್ತಿದ್ದರು. ಹಾಸಿಗೆ ಹಿಡಿದಿದ್ದ ಅತ್ತೆಯವರ ಮಂಚದ ಪಕ್ಕದಲ್ಲಿ ಕುಳಿತು ಬೆಳಗಿನಿಂದ ಟಿವಿ ನೋಡಿದೆ. ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ಅದಿತಿ ನಾಲ್ಕನೆಯವರಾದರು. ಅವರ ಚೀಲ ಹೊತ್ತು ಪಕ್ಕದಲ್ಲಿ ನಡೆಯುತ್ತಿದ್ದವರು ಅವರ ತಾಯಿ ಎಂದು ತಿಳಿದಾಗ ನನಗೆ ಕಣ್ಣು ತುಂಬಿ ಬಂತು. ಆ ವರ್ಷ ರಾಶಿ ಮುಗಿದ ಮೇಲೆ ಕ್ಲಬ್ ಹಿಡಿಯುವುದನ್ನು ಕಲಿಸಿರೆಂದು ನಾನೇ ಕೇಳಿದೆ.

ಊಟಿಗೆ ಹೋಗುವ ಮಾತು ಮಾತ್ರ ಅದಕ್ಕಿಂತ ಬಹಳ ಹಳೆಯದು. ಪ್ರತಿ ವರ್ಷ ಏನಾದರೊಂದು ಅಡ್ಡ ಬರುತ್ತಿತ್ತು: ಮಕ್ಕಳ ಪರೀಕ್ಷೆ, ವರ್ಗಾವಣೆ, ಮಳೆ ಕೈಕೊಟ್ಟ ವರ್ಷದ ಸಾಲ. ಕೊನೆಗೆ 2020ರ ಏಪ್ರಿಲ್‌ಗೆ ವಸತಿಗೃಹವನ್ನು ಕಾದಿರಿಸಿ, ರೈಲಿನ ಟಿಕೆಟ್ಟನ್ನೂ ತೆಗೆಸಿದೆವು. ಮಾರ್ಚ್ 25ಕ್ಕೆ ದೇಶಕ್ಕೆ ದೇಶವೇ ಮುಚ್ಚಿತು. ಕೊಟ್ಟ ಮುಂಗಡದಲ್ಲಿ ಅರ್ಧ ಮಾತ್ರ ಮರಳಿ ಬಂತು. ಮುಂದಿನ ವರ್ಷ ಅತ್ತೆಯವರಿಗೆ ಲಕ್ವ ಹೊಡೆಯಿತು. ಎರಡು ವರ್ಷ ಅವರ ಸೇವೆಯಲ್ಲಿ ಕಳೆಯಿತು, 2023ರಲ್ಲಿ ಅವರು ತೀರಿಕೊಂಡರು. ಮರುವರ್ಷ ಇವರು ನಿವೃತ್ತರಾದರು. ಈ ಸಲ ರಾಶಿ ಮುಗಿದ ಮೂರನೆಯ ದಿನವೇ ನಾನು ಕಾಲೇಜಿಗೆ ಒಂದು ವಾರ ರಜೆ ಬರೆದುಕೊಟ್ಟೆ. ಸಂಜೆಯ ರೈಲಿಗೆ ಹತ್ತಿ ಬೆಳಿಗ್ಗೆ ಬೆಂಗಳೂರು ತಲುಪಿ, ಅಲ್ಲಿಂದ ಕಾರಿನಲ್ಲಿ ಮೈಸೂರು, ಬಂಡೀಪುರ, ಗೂಡಲೂರು ದಾಟಿ ಊಟಿ ಸೇರಿದೆವು. ಈಗ ಊಟಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. ಅದನ್ನು ಮಗಳು ಮೊದಲೇ ಮಾಡಿಸಿಕೊಟ್ಟಿದ್ದಳು.

ಬೆಂಚಿನ ಮೇಲೆ ಕಾಯುತ್ತಿದ್ದಾಗ ಕ್ಯಾಡಿಯವರು ತಮ್ಮ ಜೊತೆಯವರೊಡನೆ ಮಾತನಾಡುವುದು ಕಿವಿಗೆ ಬಿತ್ತು. ತಮಿಳು ಇರಬೇಕೆಂದು ಮೊದಲು ಗಮನ ಕೊಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮಾತಿನ ನಡುವೆ ತಿಳಿದ ಪದಗಳು ಕೇಳತೊಡಗಿದವು. ಅವರು ಬಡಗರು. ತಮ್ಮ ಊರನ್ನು ಅವರು ಹಟ್ಟಿ ಎಂದರು, ಕುಲದೇವತೆಯನ್ನು ಹೆತ್ತೆ ಎಂದರು. ಬಡಗ ಎಂದರೆ ಉತ್ತರ ದಿಕ್ಕು. ಮೈಸೂರು ಸೀಮೆಯಿಂದ ಎಷ್ಟೋ ತಲೆಮಾರುಗಳ ಹಿಂದೆ ಬೆಟ್ಟ ಹತ್ತಿ ಬಂದವರೆಂದೇ ಅವರಿಗೆ ಆ ಹೆಸರು. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರದ ಬಂಧು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನನಗೆ ಈ ಸಂಗತಿ ಗೊತ್ತಿತ್ತು, ಆದರೆ ಆ ನುಡಿಯನ್ನು ಒಬ್ಬರ ಬಾಯಿಂದ ಕೇಳಿ ಅರ್ಧಕ್ಕರ್ಧ ತಿಳಿಯುವುದೆಂದರೆ ಬೇರೆಯೇ ಸಂತೋಷ. ನಮ್ಮ ಕಡೆಯೂ ಹಟ್ಟಿ ಇದೆ, ರಾಯಚೂರು ಜಿಲ್ಲೆಯಲ್ಲಿ, ಅಲ್ಲಿ ಚಿನ್ನದ ಗಣಿಯಿದೆ ಎಂದೆ. ಅವರು ಬಹಳ ಮೆಚ್ಚಿಕೊಂಡು, ಆ ಮಾತನ್ನು ಜೊತೆಯವರಿಗೂ ಹೇಳಿದರು.

ಎಂಟೂವರೆಗೆ ಬಿಳುಪು ಕರಗಿ, ದಿಬ್ಬದಿಂದ ದಿಬ್ಬಕ್ಕೆ ಹಸಿರು ತೆರೆದುಕೊಂಡಿತು. ಮೊದಲ ಹೊಡೆತಕ್ಕೆ ಮನೆಯವರು ನಿಂತ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೊಲದಲ್ಲಿ ಬಿರುಕು ತಪ್ಪಿಸಿ ಕಾಲಿಡುವ ರೂಢಿಯಿಂದ, ಆ ಮೆತ್ತನೆಯ ಹುಲ್ಲಿನ ಮೇಲೆಯೂ ಅವರು ನೆಲವನ್ನು ಎರಡು ಸಲ ನೋಡಿಯೇ ಕಾಲು ಊರಿದರು. ಚೆಂಡು ಎದ್ದಿತು, ಹೋಯಿತು, ಹೋಗುತ್ತಲೇ ಇತ್ತು. ಊಟಿ ಸಮುದ್ರಮಟ್ಟದಿಂದ 2,200 ಮೀಟರಿಗಿಂತ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಚೆಂಡಿಗೆ ತಡೆ ಕಡಿಮೆ, ಅದೇ ಹೊಡೆತಕ್ಕೆ ಅದು ಹೆಚ್ಚು ದೂರ ಹಾರುತ್ತದೆ. ಅವರು ಹಿಂತಿರುಗಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಅಂಥ ನಗುವನ್ನು ನಾನು ಕೋಲ್ಕತ್ತ ಬಿಟ್ಟ ಮೇಲೆ ಕಂಡಿರಲಿಲ್ಲ.

ನನ್ನ ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕನೆಯ ಕುಳಿಗೆ ಹೊಡೆದ ಚೆಂಡು ಹಳದಿ ಹೂವಿನ ಮುಳ್ಳುಪೊದೆಗೆ ನುಗ್ಗಿತು. ಗಾರ್ಸ್ ಎಂಬ ಆ ಗಿಡವನ್ನು ಬ್ರಿಟಿಷರು ತಮ್ಮ ನಾಡಿನಿಂದ ತಂದದ್ದು, ಈಗ ಅದು ಇಲ್ಲಿನ ಹುಲ್ಲುಗಾವಲನ್ನು ಆಕ್ರಮಿಸಿಕೊಂಡಿದೆ. ಮನೆಯವರು ಗಡಿಯಾರ ನೋಡುತ್ತ ನಿಂತರು. ಮೂರು ನಿಮಿಷವಾಯಿತು, ಚೆಂಡು ಸಿಗಲಿಲ್ಲ. ಹೊಲದ ಬಿರುಕಿನಲ್ಲಿ ಹೋದದ್ದಾದರೆ ಮುಂಗಾರಿಗೆ ಮರಳಿ ಬರುತ್ತದೆಂಬ ಆಸೆಯಾದರೂ ಇರುತ್ತಿತ್ತು.

ಹದಿನೆಂಟು ಕುಳಿಗಳಲ್ಲಿ ಒಂಬತ್ತು ಮುಗಿದಾಗ ಬಿಸಿಲಿಗೆ ಕುಳಿತು, ಬುತ್ತಿ ಬಿಚ್ಚಿ, ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿಂದೆವು. ಕ್ಯಾಡಿಯವರೂ ಕೂಡಿ ಉಂಡರು. ಎದ್ದು ಹೊರಡುವಾಗ ಮನೆಯವರು ಬೆಂಚಿಗೆ ಕೈ ಊರಿದ್ದನ್ನು ನಾನು ಕಂಡೆ. ಹನ್ನೊಂದನೆಯ ಕುಳಿಯ ಏರಿನಲ್ಲಿ ಅವರು ಎರಡು ಸಲ ನಿಂತರು. ಹದಿಮೂರನೆಯದರಲ್ಲಿ ಹೊಡೆತಕ್ಕೆ ಮೈ ತಿರುಗಿಸಿದವರು ಬಲಮೊಣಕಾಲು ಹಿಡಿದುಕೊಂಡು ಹಾಗೆಯೇ ಕುಳಿತುಬಿಟ್ಟರು. ಇಲ್ಲಿಗೇ ಸಾಕು, ಕೋಣೆಗೆ ಹೋಗೋಣ ಎಂದೆ. ಅವರು ಒಪ್ಪಲಿಲ್ಲ. ಐದು ನಿಮಿಷ ಬಿಟ್ಟು ಎದ್ದು, ತಮ್ಮ ಚೆಂಡನ್ನು ಜೇಬಿಗೆ ಹಾಕಿಕೊಂಡು, ಕ್ಯಾಡಿಯವರ ಕೈಯಿಂದ ಪಟರ್, ಏಳನೆಯ ಐರನ್ ಎಂಬ ಎರಡು ಕ್ಲಬ್ಬುಗಳನ್ನು ತೆಗೆದುಕೊಂಡು, "ನೀ ಆಡು, ನಾ ಹಿಡೀತೀನಿ" ಎಂದರು.

ನನಗೆ ಅಳು ಬಂತು, ಸಿಟ್ಟೂ ಬಂತು. ನಲವತ್ತೈದರಲ್ಲಿ ಬರಬೇಕಾಗಿದ್ದವರು ಅರವತ್ತಕ್ಕೆ ಬಂದಿದ್ದರು. ಪರೀಕ್ಷೆಗಳೂ ಸಾಲವೂ ನಿಜವೇ, ಆದರೆ ಆ ವರ್ಷಗಳಲ್ಲಿ ಒಮ್ಮೆಯಾದರೂ ನಾನು ಹಟ ಹಿಡಿದು ಹೊರಡಿಸಿದ್ದರೆ ಅವರು ಈ ಬೆಟ್ಟವನ್ನು ಗಟ್ಟಿ ಕಾಲಿನಲ್ಲಿ ಸುತ್ತುತ್ತಿದ್ದರು. ಈ ನೋವು ನನ್ನಿಂದ ಹೋಗಿಲ್ಲ, ಹೋಗಬೇಕೆಂದೂ ಅನಿಸಿಲ್ಲ. ಆಟ ನಿಲ್ಲಿಸಿಬಿಡೋಣವೆಂದು ಮತ್ತೊಮ್ಮೆ ಹೇಳಲು ಹೊರಟವಳು, ಅವರು ಆಗಲೇ ಕುಂಟುತ್ತ ನನ್ನ ಚೆಂಡಿನ ಕಡೆಗೆ ನಡೆದಿದ್ದನ್ನು ಕಂಡು ಸುಮ್ಮನಾದೆ.

ಅಲ್ಲಿಂದ ಮುಂದಿನ ಐದು ಕುಳಿಗಳನ್ನು ನಾನು ನನ್ನ ಜೀವನದಲ್ಲಿ ಎಂದೂ ಆಡದಷ್ಟು ಮನಸ್ಸಿಟ್ಟು ಆಡಿದೆ. ಪ್ರತಿ ಹೊಡೆತಕ್ಕೂ ಅವರು ದೂರ ಹೇಳುತ್ತಿದ್ದರು, ಗಾಳಿ ಹೇಳುತ್ತಿದ್ದರು, ಕ್ಯಾಡಿಯವರು ಇಳಿಜಾರು ಹೇಳುತ್ತಿದ್ದರು. ಹೊಲದಲ್ಲಿ ಇಪ್ಪತ್ತು ವರ್ಷ ಎಷ್ಟು ಸೂಕ್ಷ್ಮವಾಗಿ ಈ ಆಟವನ್ನು ಅವರು ಒಳಗೊಳಗೇ ಆಡಿಕೊಂಡಿದ್ದರೆಂಬುದು ಆಗ ತಿಳಿಯಿತು. ಹದಿನೇಳನೆಯದರಲ್ಲಿ ಎಲ್ಲಿಂದಲೋ ಮಂಜು ಇಳಿದು, ಬಾವುಟ ಮರೆಯಾಗಿ, ಮತ್ತೆ ತೋರಿತು.

ಹದಿನೆಂಟನೆಯ ಗ್ರೀನಿನಲ್ಲಿ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನಲ್ಲಿ, ನನ್ನ ಚೆಂಡು ಕುಳಿಯಿಂದ ಸುಮಾರು ಏಳು ಅಡಿ ದೂರದಲ್ಲಿತ್ತು. ಮನೆಯವರು ಬಾವುಟ ಎತ್ತಿ ಹಿಡಿದು ಪಕ್ಕಕ್ಕೆ ನಿಂತರು. ಎಡಕ್ಕೆ ಒಂದು ಗೇಣು ಇರಲಿ ಎಂದರು. ಹೊಡೆದೆ. ಚೆಂಡು ಎಡಕ್ಕೆ ಹೋಗಿ, ವಾಲಿ, ಕುಳಿಯ ಅಂಚಿನಲ್ಲಿ ಅರೆಗಳಿಗೆ ನಿಂತು, ಒಳಗೆ ಬಿತ್ತು. ನನ್ನ ಕಿವಿ ತಾನಾಗಿಯೇ ಠಣ್ ಎಂಬ ಸದ್ದಿಗೆ ಕಾದಿತ್ತು. ಆ ಬಟ್ಟಲಿನೊಳಗಿಂದ ಬಂದದ್ದು ಮೆತ್ತನೆಯ ಒಂದು ಟಪ್ ಮಾತ್ರ. ತಲೆಯೆತ್ತಿ ನೋಡಿದರೆ ಅವರೂ ಕುಳಿಯ ಕಡೆಗೇ ಕಿವಿಗೊಟ್ಟು ನಿಂತಿದ್ದರು.

"ಹೊಲ ಖಾಲಿ ಅದ," ಎಂದರು, "ಐತ್ವಾರ ಹೋಗಿ ತಂಬಿಗಿ ಹುಗಿಯೋಣು."