ಹುರಿದ ಸೋಡಾ ಮತ್ತು ಪಂದಿಕರಿ ಪಾತ್ರೆ

ಡಿಶ್‌ವಾಷರ್ ಮನೆಗೆ ಬಂದ ದಿನ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಪಂದಿಕರಿ ಜಿಡ್ಡು ಹೋಗ್ತದಾ ಇದರಲ್ಲಿ?" ಕೊಡಗಿನ ಆ ಹಂದಿ ಮಾಂಸದ ಅಡುಗೆಯ ಜಿಡ್ಡೂ ಹೋಗುತ್ತದೆ ಅಂತ ತೋರಿಸಿದ ಮೇಲೆ ಮೆಷಿನ್‌ಗೆ ಅಡುಗೆಮನೆಯಲ್ಲಿ ಜಾಗ ಸಿಕ್ಕಿತು. ಆದರೆ ಆ ಜಿಡ್ಡು ತೆಗೆಯುವುದು ಬರೀ ಮೆಷಿನ್ ಅಲ್ಲ, ಅದರೊಳಗೆ ಹಾಕುವ ಪುಡಿ ಕೂಡ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಮುಂಚೆ ತೀರಿಹೋದದ್ದು ಆ ಪುಡಿಯೇ.

ಸೆಪ್ಟೆಂಬರ್ ಮೊದಲ ವಾರ, ಮಳೆ ಇನ್ನೂ ಬಿಟ್ಟಿರಲಿಲ್ಲ. ಪಾತ್ರೆಗೆ ಬರುವ ಅಕ್ಕ ಊರಿಗೆ ಹೋಗಿದ್ದರು. ಆನ್‌ಲೈನ್‌ನಲ್ಲಿ ತರಿಸಿದ ಪುಡಿ ಇನ್ನೂ ದಾರಿಯಲ್ಲೇ ಇತ್ತು. ಮಡಿಕೇರಿಯ ಅಂಗಡಿಯಲ್ಲಿ ಸಿಕ್ಕಿದ್ದು ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಮಾತ್ರ. ಅದನ್ನು ಈ ಮೆಷಿನ್‌ಗೆ ಹಾಕುವ ಹಾಗಿಲ್ಲ. ನೊರೆ ಎದ್ದು ಬಾಗಿಲ ಸಂದಿಯಿಂದ ಹೊರಗೆ ಬರುತ್ತದೆ, ನೀರು ಎರಚುವ ತೋಳಿಗೂ ಬಲ ಇರುವುದಿಲ್ಲ.

ಸರಿ, ಮನೆಯಲ್ಲೇ ಮಾಡೋಣ ಅಂದುಕೊಂಡೆ. ಇಂಥ ಪುಡಿಗೆ ಮುಖ್ಯವಾಗಿ ಬೇಕಾದದ್ದು ವಾಷಿಂಗ್ ಸೋಡಾ. ಅಂಗಡಿಯಲ್ಲಿ ಇತ್ತು, ಆದರೆ ಇಡೀ ಪ್ಯಾಕೆಟ್ ಒಂದೇ ಗಟ್ಟಿ. ಮಳೆಗಾಲದಲ್ಲಿ ನಮ್ಮ ಕಡೆ ಉಪ್ಪು, ಸಕ್ಕರೆ, ಬೀರುವಿನ ಬಟ್ಟೆ ಯಾವುದೂ ಒಣಗಿರುವುದಿಲ್ಲ, ಸೋಡಾ ಮಾತ್ರ ಹೇಗೆ ಒಣಗಿರುತ್ತದೆ ಹೇಳಿ? ಹಾಗಾಗಿ ಬೇಕರಿಗಳಿಗೆ ಸಾಮಾನು ಕೊಡುವ ಅಂಗಡಿಯಿಂದ ಅರ್ಧ ಕಿಲೋ ಅಡುಗೆ ಸೋಡಾ ತಂದೆ. ಅಡುಗೆ ಸೋಡಾವನ್ನು ಚೆನ್ನಾಗಿ ಕಾಯಿಸಿದರೆ ವಾಷಿಂಗ್ ಸೋಡಾ ಆಗುತ್ತದೆ. ಅದರೊಳಗಿನ ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತವೆ, ಅಷ್ಟೇ.

ಓವನ್ ಇದ್ದವರು 200 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಸಾಕು. ಅವತ್ತು ಕರೆಂಟ್ ಬರುವುದು ಹೋಗುವುದು ಮಾಡುತ್ತಿತ್ತು. ದಪ್ಪ ತಳದ ಸ್ಟೀಲ್ ಬಾಣಲೆಯನ್ನು ಗ್ಯಾಸ್ ಮೇಲೆ ಇಟ್ಟು, ಕಿಟಕಿ ತೆರೆದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹುರಿಯಲು ನಿಂತೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ನೋಡಿದರೆ ಒಣ ಪುಡಿ ಹಾಲಿನ ಹಾಗೆ ಕುದಿಯತೊಡಗಿತು. ಅಲ್ಲಲ್ಲಿ ಸಣ್ಣ ಗುಳಿ ಬೀಳುವುದು, ಪುಸ್ ಅಂತ ಗಾಳಿ ಬರುವುದು, ಗುಳಿ ಮತ್ತೆ ಮುಚ್ಚಿಕೊಳ್ಳುವುದು. ಸಟ್ಟುಗ ಅದ್ದಿದರೆ ತಡೆಯೇ ಇಲ್ಲ, ನೀರಿನಲ್ಲಿ ಆಡಿಸಿದಷ್ಟು ಹಗುರ. ಒಳಗಿಂದ ಗಾಳಿ ಎದ್ದು ಬರುವುದರಿಂದ ಹೀಗಾಗುತ್ತದೆ. ಅತ್ತೆ ಕಾಫಿ ಲೋಟ ಹಿಡಿದುಕೊಂಡೇ ಬಂದು ನಿಂತರು. ಮಗ ಫೋನ್ ತಂದು ವಿಡಿಯೋ ತೆಗೆದ.

ಕುದಿ ನಿಂತಿತು ಅಂದರೆ ಆಯಿತು ಅಂತ ಅರ್ಥವಲ್ಲ. ಅದಕ್ಕೊಂದು ಪರೀಕ್ಷೆ ಬೇಕು. ಅದು ಸಿಕ್ಕಿದ್ದು ತೋಟದ ಸಾಮಾನಿನ ಪೆಟ್ಟಿಗೆಯಲ್ಲಿ. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಆ ದ್ರಾವಣ ಸರಿಯಾಯಿತಾ ಅಂತ ನೋಡಲು ಪಿಎಚ್ ಪೇಪರ್ ಇಟ್ಟಿರುತ್ತೇವೆ. ಹುಳಿಯೋ ಕ್ಷಾರವೋ ಅಂತ ಬಣ್ಣದಲ್ಲಿ ಹೇಳುವ ಪೇಪರ್ ಅದು, ಅಂಕಿ ಏರಿದಷ್ಟೂ ಕ್ಷಾರ ಜಾಸ್ತಿ. (ಮಾವನವರಿಗೆ ಪೇಪರ್ ಬೇಕಿಲ್ಲ. ಅವರು ಕತ್ತಿಯ ತುದಿ ಅದ್ದುತ್ತಾರೆ. ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ.) ಹುರಿಯದ ಅಡುಗೆ ಸೋಡಾ ನೀರಲ್ಲಿ ಪೇಪರ್ ಹಸಿರಾಯಿತು, ಅಂದರೆ ಎಂಟರ ಆಸುಪಾಸು. ಹುರಿದದ್ದರಲ್ಲಿ ಕಡು ನೀಲಿ, ಹನ್ನೊಂದರ ಹತ್ತಿರ. ತೂಕವೂ ಅದನ್ನೇ ಹೇಳಿತು. ಪೂರ್ತಿ ಬದಲಾದರೆ ಅರ್ಧ ಕಿಲೋದಲ್ಲಿ 315 ಗ್ರಾಂ ಉಳಿಯಬೇಕು. ತಕ್ಕಡಿ ಅದರ ಹತ್ತಿರಕ್ಕೇ ನಿಂತಿತು.

ಅತ್ತೆ ಸುಮ್ಮನಿರಲಿಲ್ಲ. ಒಲೆಯಿಂದ ಒಂದು ಹಿಡಿ ಬೂದಿ ತಂದು ಲೋಟದ ನೀರಿಗೆ ಹಾಕಿ, "ಇದಕ್ಕೂ ಅದ್ದು ನೋಡುವ" ಅಂದರು. ತಿಳಿ ಮೇಲೆ ಬರುವವರೆಗೆ ಕಾದು ಅದ್ದಿದೆ. ಅದೂ ನೀಲಿ! ಸೌದೆ ಬೂದಿಯಲ್ಲಿರುವುದು ಪೊಟ್ಯಾಸಿಯಂ ಕಾರ್ಬೋನೇಟ್, ನನ್ನ ಬಾಣಲೆಯಲ್ಲಿದ್ದದ್ದು ಸೋಡಿಯಂ ಕಾರ್ಬೋನೇಟ್. ಎರಡೂ ಒಂದೇ ಜಾತಿ. ಬಿಸಿ ನೀರಲ್ಲಿ ಜಿಡ್ಡನ್ನು ಬಿಡಿಸಿ, ಅದರಲ್ಲಿ ಒಂದಿಷ್ಟನ್ನು ಸೋಪಾಗಿಸುವುದೇ ಎರಡರ ಕೆಲಸ. "ನಾವು ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದೆವು, ನಿನಗೆ ಮೆಷಿನ್ ಉಜ್ಜುತ್ತದೆ" ಅಂದರು. ಬೂದಿಯನ್ನು ಮೆಷಿನ್‌ಗೆ ಹಾಕಬಹುದಾ ಅಂತಲೂ ಕೇಳಿದರು. ಬೇಡವೇ ಬೇಡ, ಅದರ ಮರಳು, ಇದ್ದಿಲು ಎಲ್ಲ ಫಿಲ್ಟರ್‌ನಲ್ಲಿ ಕೂರುತ್ತದೆ.

ಹುರಿದ ಸೋಡಾ ಎರಡು ಪಾಲು, ಹುರಿಯದ ಅಡುಗೆ ಸೋಡಾ ಒಂದು ಪಾಲು. ನನ್ನ ಪುಡಿ ಇಷ್ಟೇ. ಸಿಟ್ರಿಕ್ ಆಸಿಡ್ ಕೂಡ ಬೆರೆಸಿ ಅನ್ನುವವರು ತುಂಬ ಜನ. ಒಣ ಊರಿನಲ್ಲಿ ಅದು ನಡೆಯಬಹುದು. ಇಲ್ಲಿ ಗಾಳಿಯ ತೇವಕ್ಕೇ ಆಸಿಡ್ಡೂ ಸೋಡಾವೂ ಡಬ್ಬಿಯೊಳಗೆ ಜಗಳ ಶುರು ಮಾಡಿ, ಪುಡಿ ಉಬ್ಬಿ ಕಲ್ಲಾಗುತ್ತದೆ, ಎರಡರ ಶಕ್ತಿಯೂ ಅಲ್ಲೇ ಮುಗಿಯುತ್ತದೆ. ಸಿಟ್ರಿಕ್ ಆಸಿಡ್ಡನ್ನು ಬೇರೆ ಇಟ್ಟುಕೊಂಡು, ಆಗಾಗ ಖಾಲಿ ಮೆಷಿನ್ ಓಡಿಸುವಾಗ ಹಾಕಿದರೆ ಒಳಗಿನ ಬಿಳಿ ಪದರ ಹೋಗುತ್ತದೆ. ಉಪ್ಪನ್ನೂ ಬಿಟ್ಟೆ. ಮೆಷಿನ್‌ನ ಉಪ್ಪಿನ ಡಬ್ಬಿಗೆ ಹೋಗುವ ದಪ್ಪ ಉಪ್ಪು ನೀರಿನ ಗಡಸು ತೆಗೆಯಲು, ಅದರ ಲೆಕ್ಕ ಬೇರೆ. ಪುಡಿಯಲ್ಲಿ ಬೆರೆತ ಉಪ್ಪಿನಿಂದ ಸ್ಟೀಲಿಗೆ ಕಲೆ ಬೀಳುವ ಭಯ ಜಾಸ್ತಿ, ಲಾಭ ಕಮ್ಮಿ. ಬಿಳಿಗಾರ ಬೇಡ ಅಂದದ್ದು ಮಾವ. ನಮ್ಮ ಅಡುಗೆಮನೆ ನೀರು ಹೋಗುವುದು ಬಾಳೆ ಬುಡಕ್ಕೆ. ಬಿಳಿಗಾರದಲ್ಲಿರುವ ಬೋರಾನ್ ಗಿಡಗಳಿಗೆ ಒಂಚೂರು ಬೇಕು ನಿಜ, ಹೆಚ್ಚಾದರೆ ಎಲೆಯ ಅಂಚು ಸುಡುತ್ತದೆ.

ಹಬ್ಬದ ರಾತ್ರಿ ಅಲ್ಯೂಮಿನಿಯಂ ಪಾತ್ರೆಗಳನ್ನೆಲ್ಲ ಅತ್ತೆ ಮೊದಲೇ ಬೇರೆ ತೆಗೆದಿಟ್ಟರು. ಸೋಡಾಕ್ಕೆ ಅವು ಕಪ್ಪಾಗುತ್ತವೆ. ಉಳಿದದ್ದನ್ನೆಲ್ಲ ಜೋಡಿಸಿ, ಒಂದು ದೊಡ್ಡ ಚಮಚ ಪುಡಿ ಹಾಕಿ, 70 ಡಿಗ್ರಿಗೆ ಇಟ್ಟೆ. ಕರೆಂಟ್ ಪುಣ್ಯಕ್ಕೆ ಹೋಗಲಿಲ್ಲ.

ಪಂದಿಕರಿ ಬಟ್ಟಲು ಬೆರಳಿಟ್ಟರೆ ಕಿರ್ ಅನ್ನುತ್ತಿತ್ತು. ಕೊಬ್ಬು, ಕಾಚಂಪುಳಿ ಅನ್ನುವ ನಮ್ಮ ಕಡೆಯ ಹಣ್ಣಿನ ಗಟ್ಟಿ ಹುಳಿ ಹಾಕಿದ ಕಪ್ಪು ಮಸಾಲೆ ಒಂದೂ ಉಳಿದಿರಲಿಲ್ಲ. ಆದರೆ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ಬೇಯಿಸಿದ ಪಾತ್ರೆಯಲ್ಲಿ ಅಕ್ಕಿಯ ತೆಳು ಪೊರೆ ಹಾಗೇ ಇತ್ತು. ಕಾಫಿ ಲೋಟದ ಕಂದು ಕರೆಯೂ ಹೋಗಿರಲಿಲ್ಲ. ಪಿಷ್ಟ ಒಡೆಯಲು ಕಿಣ್ವ ಬೇಕು, ಕರೆಗೆ ಬ್ಲೀಚ್ ಬೇಕು. ಅಂಗಡಿ ಪುಡಿಯಲ್ಲಿ ಎರಡೂ ಇರುತ್ತವೆ, ಅದಕ್ಕೇ ಆ ದುಡ್ಡು. ಅಕ್ಕಿ ಪಾತ್ರೆಯನ್ನು ನೆನೆಸಿಟ್ಟು ಉಜ್ಜಿದರೆ ಸರಿಹೋಗುತ್ತದೆ. ಗಾಜಿನ ಲೋಟಕ್ಕೆ ಮಾತ್ರ ನಾನು ಈ ಪುಡಿ ಹಾಕುವುದಿಲ್ಲ. ನಮ್ಮ ತೊರೆ ನೀರು ಮೆದು, ಸುಣ್ಣದಂಶ ಕಮ್ಮಿ. ಮೆದು ನೀರು, ಬಿಸಿ, ಕಡು ಕ್ಷಾರ ಮೂರೂ ಸೇರಿದರೆ ಗಾಜನ್ನೇ ನಿಧಾನಕ್ಕೆ ತಿನ್ನುತ್ತವೆ. ಮಸುಕಾದ ಲೋಟಕ್ಕೆ ನಿಂಬೆಹಣ್ಣು ಉಜ್ಜಿ ನೋಡಿ. ಹೋದರೆ ಅದು ಸುಣ್ಣದ ಪದರ, ಹೋಗದಿದ್ದರೆ ಗಾಜೇ ಸವೆದಿದೆ. ನಿಂಬೆ ಸಾಕು, ಕಾಚಂಪುಳಿ ಬೇಡ, ಅದರ ಬೆಲೆ ಗೊತ್ತಲ್ಲ!

ವಿಡಿಯೋ ನೋಡಿದ ಗೋಣಿಕೊಪ್ಪದ ಚಿಕ್ಕಮ್ಮ ಫೋನ್ ಮಾಡಿದರು. "ಸ್ವಲ್ಪ ಲಿಕ್ವಿಡ್ ಸೋಪೂ ಸೇರಿಸಲಾ?" ಬೇಡ ಚಿಕ್ಕಮ್ಮ, ನೊರೆ ಬರಬಾರದು ಅಂದೆ. "ನೊರೆ ಬಾರದ್ದು ಎಂಥ ಸೋಪು?" ಅಂತ ಅವರಿಗೆ ಇನ್ನೂ ಅನುಮಾನ. ಮುಂದಿನ ವಾರ ಆ ಕಡೆ ಹೋಗುವಾಗ ಒಂದು ಡಬ್ಬಿ ಕೊಡಬೇಕು, ಚಮಚದ ಸಮೇತ.